ಕಿವಿಯಲ್ಲೊಂದು ಶಿಳ್ಳೆ, ಫೋನಿನಲ್ಲೊಂದು ಮಗ್ಗ

ಮೊದಲು ನಾನು ಅನುಮಾನಪಟ್ಟಿದ್ದು ಫ್ರಿಜ್ ಮೇಲೆ.

ಅವತ್ತು ಅಮಾವಾಸ್ಯೆ. ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಅಮಾವಾಸ್ಯೆ ದಿನ ಯಾರೂ ನೇಯುವುದಿಲ್ಲ. ಮಗ್ಗ ಒರೆಸಿ, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿದರೆ ಮುಗಿಯಿತು. ಸಡಿಲಾದ ಹಗ್ಗ ಬಿಗಿಯುವುದು, ಹಳೆಯ ಮಗ್ಗ ಬಿಚ್ಚುವುದು, ಹೊಸದನ್ನು ಕೂರಿಸುವುದು, ಇಂಥ ಕೆಲಸಕ್ಕಷ್ಟೇ ಅವತ್ತು ಅವಕಾಶ. ಉಳಿದ ದಿನಗಳಲ್ಲಿ ಎರಡೂ ಸಾಲಿನ ಮನೆಗಳಿಂದ ಸಂಜೆತನಕ ಬರುವ ಟಕಟಕ ಸದ್ದು ಅವತ್ತು ಇರುವುದಿಲ್ಲ. ಆ ಮೌನದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ನನಗೆ ಕುಯ್ಯ್ ಎಂದು ಒಂದು ಸದ್ದು ಕೇಳಿತು. ಸಣ್ಣಗೆ, ಹರಿತವಾಗಿ, ಉಸಿರು ತೆಗೆದುಕೊಳ್ಳಲೂ ನಿಲ್ಲದ ಸದ್ದು.

ಫ್ರಿಜ್ಜಿನ ಪ್ಲಗ್ ಕಿತ್ತೆ. ನಿಲ್ಲಲಿಲ್ಲ. ಫೋನ್ ಚಾರ್ಜರ್ ಕಿತ್ತೆ, ಫ್ಯಾನ್ ಆರಿಸಿದೆ, ಕೊನೆಗೆ ಮೇನ್ ಸ್ವಿಚ್ಚನ್ನೇ ಇಳಿಸಿದೆ. ಒಳಗೆ ಧಾರಾವಾಹಿ ನೋಡುತ್ತಿದ್ದ ನಮ್ಮತ್ತೆ ನಾಗಮ್ಮ ಕೂಗಿದರು.

"ಏಮೇ ಲಕ್ಷ್ಮಿ, ಕರೆಂಟ್ ಹೋಯ್ತಾ?"

"ಇಲ್ಲ ಅತ್ತೆ, ನಾನೇ ತೆಗ್ದೆ. ಏನೋ ಕುಯ್ಯಂತ ಐತೆ, ಎಲ್ಲಿಂದ ಅಂತ ಹುಡುಕ್ತಿದೀನಿ."

"ನಂಗೇನೂ ಕೇಳ್ತಿಲ್ಲಪ್ಪ. ಮೊದ್ಲು ಕರೆಂಟ್ ಹಾಕು. ಆ ಹುಡುಗಿ ಗಂಡನ ಹತ್ರ ಎಲ್ಲಾ ಹೇಳ್ಬಿಡೋ ಟೈಮಿಗೇ ನಿಂದೊಂದು!"

ನಮ್ಮ ಮನೆಯವರು, ಗೋವಿಂದಪ್ಪ, ಬೀದಿಯ ಲೈಟ್ ಕಂಬಕ್ಕೆ ಕಿವಿ ಕೊಟ್ಟು ನೋಡಿ ಬಂದರು. ಅಲ್ಲಿಯೂ ಇಲ್ಲ. ಕೊನೆಗೆ ನಾನು ಎರಡೂ ಕಿವಿಗಳನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡೆ. ಸದ್ದು ಕಡಿಮೆಯಾಗುವ ಬದಲು ದೊಡ್ಡದಾಯಿತು. ಆಗ ಗೊತ್ತಾಯಿತು, ಅದು ಮನೆಯಲ್ಲಿಲ್ಲ, ನನ್ನ ತಲೆಯಲ್ಲಿದೆ ಎಂದು. ನನಗೆ ಭಯವಾಯಿತು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಹುಚ್ಚು ಹಿಡಿಯುತ್ತಿದೆ ಎಂದೇ ಅಂದುಕೊಂಡೆ. ಇದೇ ಅನುಮಾನದಲ್ಲಿ ಈಗ ಮೇನ್ ಸ್ವಿಚ್ ಇಳಿಸಿ ನಿಂತಿರುವವರು ಯಾರಾದರೂ ಇದ್ದರೆ ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹುಚ್ಚಲ್ಲ. ಮೇನ್ ಹಾಕಿ, ಫ್ರಿಜ್ಜಿನಲ್ಲಿ ಹಾಲು ಒಡೆಯುತ್ತದೆ. ನಮ್ಮ ಮನೆಯಲ್ಲಿ ಅವತ್ತು ಒಡೆದೇ ಹೋಯಿತು.

ನನಗೆ ನಲವತ್ಮೂರು ವರ್ಷ. ಹದಿನೈದರಿಂದ ರೇಷ್ಮೆ ಸೀರೆ ನೇಯುತ್ತಿದ್ದೇನೆ. ನಮ್ಮ ಪಡಸಾಲೆಯಲ್ಲಿ ಎರಡು ಗುಂಡಿ ಮಗ್ಗಗಳಿವೆ, ಒಂದು ನಮ್ಮ ಮನೆಯವರದು, ಒಂದು ನನ್ನದು. ನೆಲದಲ್ಲಿ ಗುಂಡಿ ತೋಡಿರುತ್ತಾರೆ, ಅದರೊಳಗೆ ಕಾಲು ಇಳಿಬಿಟ್ಟು ಕೂರಬೇಕು, ಪಾದದ ಕೆಳಗೆ ತುಳಿಯುವ ಹಲಗೆಗಳು. ನೇಯುವವರು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತೇವೆ. ಎಳೆ ಕಡಿದರೆ, ಹಲಗೆ ಸಡಿಲಾದರೆ, ಅಡ್ಡನೂಲು ಒಯ್ಯುವ ಲಾಳಿ ಸರಿಯಾಗಿ ಓಡದಿದ್ದರೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಆ ಕಿವಿಯೇ ನನಗೆ ಹೀಗೆ ಮಾಡಿತಲ್ಲ ಎಂದು ಹೊಟ್ಟೆ ಉರಿಯಿತು.

ಮೊದಲ ಒಂದು ತಿಂಗಳು ಮನೆ ಮದ್ದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು, ಬಿಸಿ ಉಪ್ಪಿನ ಗಂಟು ಇಟ್ಟರು. ರಾಂಪುರದಿಂದ ಬಂದ ನಾದಿನಿ, ನಮ್ಮೂರಲ್ಲಿ ಒಬ್ಬರು ಕಿವಿಗೆ ಹೊಗೆ ಹಾಕುತ್ತಾರೆ ಎಂದಳು. ನನ್ನ ಕಿವಿ ಏನು ಸೊಳ್ಳೆ ತುಂಬಿದ ಕೊಟ್ಟಿಗೆಯಾ ಎಂದೆ. ಅವಳು ಸಿಟ್ಟು ಮಾಡಿಕೊಂಡು ಊಟ ಮಾಡದೆ ಹೋದಳು. ಊರಿನ ಡಾಕ್ಟರು ಕಿವಿ ತೊಳೆದು, ಗುಗ್ಗೆ ಏನೂ ಇಲ್ಲ, ಚಳ್ಳಕೆರೆಯ ಸ್ಪೆಷಲಿಸ್ಟ್ ಹತ್ತಿರ ಹೋಗಿ ಎಂದು ಚೀಟಿ ಕೊಟ್ಟರು.

ಚಳ್ಳಕೆರೆಯ ಆ ನರ್ಸಿಂಗ್ ಹೋಮಿನ ಬೆಂಚು ನನಗೆ ಚೆನ್ನಾಗಿ ನೆನಪಿದೆ, ಅಷ್ಟು ಹೊತ್ತು ಕೂತಿದ್ದೇನೆ. ಕಿವಿ ಡಾಕ್ಟರ ಬಾಗಿಲಲ್ಲಿ ಕಾಯುವವರಲ್ಲಿ ಅರ್ಧ ಜನಕ್ಕೆ ಕಿವಿ ಕೇಳುವುದಿಲ್ಲ. ಟೋಕನ್ ಕೂಗುವ ನರ್ಸ್ ಅಷ್ಟು ಮೆತ್ತಗೆ ಯಾಕೆ ಕೂಗುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪಕ್ಕದಲ್ಲಿ ತಳಕಿನ ಕಡೆಯ ಒಬ್ಬರು ವಯಸ್ಸಾದವರು ಕೂತಿದ್ದರು. "ಹದಿನೇಳು ನಂದು, ಕರ್ದ್ರೆ ಒಸಿ ತಿವಿಯವ್ವ" ಎಂದು ನನ್ನನ್ನೇ ನೇಮಿಸಿಕೊಂಡರು. ನಾನು ಅವರನ್ನು ತಿವಿದೆ. ಒಳಗೆ ಹೋಗುವ ಮುನ್ನ ಅವರು ಚೀಲದಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ನನ್ನ ಮಡಿಲಿಗೆ ಹಾಕಿದರು. ಅವತ್ತು ನನಗೆ ಸಿಕ್ಕಿದ ಔಷಧಿಗಳಲ್ಲಿ ಕೆಲಸ ಮಾಡಿದ್ದು ಅದೊಂದೇ.

ಡಾಕ್ಟರು ಕೆಟ್ಟವರೇನಲ್ಲ, ಅವರಿಗೆ ಅವಸರ. ಎರಡೂ ಕಿವಿಗೆ ದೀಪ ಬಿಟ್ಟು ನೋಡಿ, "ಇದಕ್ಕೆ ಟಿನಿಟಸ್ ಅಂತಾರಮ್ಮ. ಪೂರ್ತಿ ಹೋಗಿಸೋ ಮಾತ್ರೆ ಅಂತ ಇಲ್ಲ. ಅಭ್ಯಾಸ ಮಾಡ್ಕೋಬೇಕು. ಗದ್ದಲದಿಂದ ದೂರ ಇರಿ. ಇನ್ನೊಂದ್ಸಲ ಬನ್ನಿ, ಕಿವಿ ಟೆಸ್ಟ್ ಮಾಡಿಸೋಣ" ಎಂದರು. ಇಷ್ಟು ಮಾತಿನಲ್ಲಿ ನಮ್ಮ ಮನೆಯವರು ಆರಿಸಿಕೊಂಡಿದ್ದು ಒಂದನ್ನೇ. ಗದ್ದಲದಿಂದ ದೂರ.

ಬಸ್ಸು ನಮ್ಮ ತಾಲ್ಲೂಕಿನ ಹಾನಗಲ್ ದಾಟುವ ಹೊತ್ತಿಗೆ ಅವರು ತೀರ್ಮಾನ ಮಾಡಿಯಾಗಿತ್ತು.

"ನಾಳೆಯಿಂದ ನೀನು ಮಗ್ಗಕ್ಕೆ ಕೂರ್ಬ್ಯಾಡ."

"ಡಾಕ್ಟ್ರು ಮಗ್ಗ ಅಂದ್ರಾ? ಗದ್ದಲ ಅಂದ್ರು."

"ಮಗ್ಗ ಏನು, ದೇವರ ಮನೆ ಗಂಟೆನಾ? ಇಷ್ಟು ವರ್ಷ ಕಿವಿ ಪಕ್ಕ ಟಕಟಕ ಅಂದ್ರೆ ಇನ್ನೇನಾಯ್ತದೆ?"

ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು, ಅದು ನನಗೆ ಗೊತ್ತು. ಗೊತ್ತಿದ್ದರಿಂದಲೇ ಜಗಳ ಆಡಲು ಆಗಲಿಲ್ಲ. ಮರುದಿನ ಅತ್ತೆ ತಮ್ಮ ಹಳೆಯ ಸೀರೆಯೊಂದನ್ನು ನನ್ನ ಮಗ್ಗದ ಮೇಲೆ ಹೊದಿಸಿದರು. ನಮ್ಮ ಮನೆಯವರು ತಮ್ಮ ಮಗ್ಗದಲ್ಲಿ ನೇಯುವಷ್ಟು ಹೊತ್ತೂ ನನ್ನನ್ನು ಹಿತ್ತಲಿನ ಕೋಣೆಗೆ ಕಳಿಸಿ ಬಾಗಿಲು ಹಾಕುತ್ತಿದ್ದರು.

ಆ ಕೋಣೆಯಲ್ಲಿ ಕಳೆದ ಎರಡು ತಿಂಗಳನ್ನು ನಾನು ಯಾರಿಗೂ ಬಯಸುವುದಿಲ್ಲ. ಹೊರಗೆ ಎಷ್ಟು ಮೌನವೋ ಒಳಗೆ ಅಷ್ಟು ಶಿಳ್ಳೆ. ಮಗ್ಗದ ಮುಂದೆ ಕೂತಿದ್ದಾಗ ಟಕಟಕದ ಮಧ್ಯೆ ಕಳೆದುಹೋಗುತ್ತಿದ್ದ ಸದ್ದು ಇಲ್ಲಿ ಇಡೀ ಕೋಣೆಯ ಯಜಮಾನ. ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ಯಾರಾದರೂ ಎರಡು ಸಲ ಕರೆದರೆ ರೇಗುತ್ತಿದ್ದೆ. ಒಂದು ಮಧ್ಯಾಹ್ನ ಗೋಡೆಗೆ ತಲೆ ಒತ್ತಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ತಮ್ಮ ನೂಲು ಸುತ್ತುವ ರಾಟೆ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತು ಸುತ್ತತೊಡಗಿದರು. ಗಿರಗಿರ ಗಿರಗಿರ ಎಂಬ ಆ ರಾಟೆಯ ಸದ್ದಿನಲ್ಲಿ ನನಗೆ ಸ್ವಲ್ಪ ಸಮಾಧಾನ ಆಯಿತು. ಯಾಕೆ ಎಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಆ ವಾರವೇ ಇನ್ನೊಂದು ಮಾತು ಬಂತು. ನಮ್ಮ ಬೀದಿಯಲ್ಲಿ ಮಗ್ಗ ಕೂರಿಸುವುದು, ಬಿಚ್ಚುವುದು ಓಬಳೇಶಪ್ಪ ಮಾವನ ಕೆಲಸ. ಎಪ್ಪತ್ತು ದಾಟಿದವರು, ಹತ್ತಿರದ ಸಂಬಂಧವೇನಲ್ಲ, ಆದರೆ ಬೀದಿಗೆಲ್ಲ ಮಾವ. ಅವರನ್ನು ಕೂರಿಸಿಕೊಂಡು ನಮ್ಮ ಮನೆಯವರು ಹೇಳುತ್ತಿದ್ದರು.

"ಸುಮ್ನೆ ಜಾಗ ಹಿಡ್ಕಂಡೈತೆ ಮಾವ. ಕಣ್ಮುಂದೆ ಇದ್ರೆ ಇವ್ಳಿಗೂ ಆಸೆ. ಬರೋ ಅಮಾಸೆಗೆ ಬಿಚ್ಬಿಡು, ಗುಂಡಿ ಮುಚ್ಚಿ ನೆಲ ಮಾಡಿಸ್ತೀನಿ."

"ಆಯ್ತು. ಅಮಾಸೆಗೆ ಬರ್ತೀನಿ" ಎಂದು ಮಾವ ನನ್ನ ಕಡೆ ನೋಡದೆ ಎದ್ದರು.

ಮಗ್ಗ ಬಿಚ್ಚಿದರೆ ಮತ್ತೆ ಜೋಡಿಸಬಹುದು. ಗುಂಡಿ ಮುಚ್ಚಿ ಟೈಲ್ಸ್ ಹಾಕಿದರೆ ಯಾರೂ ಮತ್ತೆ ತೋಡುವುದಿಲ್ಲ. ನಮ್ಮ ಬೀದಿಯಲ್ಲಿ ಟೈಲ್ಸ್ ಬಿದ್ದ ಯಾವ ಮನೆಗೂ ಮಗ್ಗ ವಾಪಸ್ ಬಂದದ್ದು ನಾನು ನೋಡಿಲ್ಲ. ಅಮಾವಾಸ್ಯೆಗೆ ಮೂರು ವಾರ ಇತ್ತು. ಮರುದಿನವೇ ಅತ್ತೆಗೆ, ಕಿವಿ ಟೆಸ್ಟ್ ಬಾಕಿ ಇದೆಯಲ್ಲ, ಹೋಗಿಬರುತ್ತೇನೆ ಎಂದು ಹೇಳಿ ಒಬ್ಬಳೇ ಚಳ್ಳಕೆರೆ ಬಸ್ ಹತ್ತಿದೆ.

ಟೆಸ್ಟ್ ಮಾಡುವವರು ನಾಜ್ನೀನ್ ಎಂಬ ಹುಡುಗಿ. ಸಣ್ಣ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿ ಎಂದರು. ನಾನು ಒತ್ತಿದ ಬೆರಳನ್ನು ತೆಗೆಯಲೇ ಇಲ್ಲ. ಅವರು ಬಾಗಿಲು ತೆಗೆದು ನಕ್ಕರು.

"ಅಮ್ಮಾ, ನಾನಿನ್ನೂ ಮಿಷನ್ ಶುರುನೇ ಮಾಡಿಲ್ಲ."

"ನಂದು ಯಾವಾಗ್ಲೋ ಶುರುವಾಗೈತೆ ಮೇಡಂ" ಎಂದೆ. ಎರಡು ತಿಂಗಳಾದ ಮೇಲೆ ನಾನೂ ನಕ್ಕೆ.

ಟೆಸ್ಟ್ ಮುಗಿಸಿ, ಸಣ್ಣ ಸದ್ದುಗಳು ಸ್ವಲ್ಪ ಕಡಿಮೆ ಕೇಳುತ್ತಿವೆ, ದೊಡ್ಡ ತೊಂದರೆಯೇನಲ್ಲ ಎಂದರು. ನಂತರ ನನ್ನ ಕಥೆ ಕೇಳಿದರು. ಕೋಣೆ, ಮೌನ, ಬಾಗಿಲು ಹಾಕುವುದು ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಮೌನದಲ್ಲಿ ಕೂರ್ಬೇಡಿ. ಸುತ್ತ ಏನಾದ್ರೂ ಮೆತ್ತಗೆ ಸದ್ದು ಇರ್ಲಿ, ಕಿವಿಗೆ ಹಿತವಾಗೋ ಅಂಥದ್ದು. ಇದು ಗುಣ ಆಗ್ಬಿಡುತ್ತೆ ಅಂತ ನಾನು ಹೇಳಲ್ಲ. ಆದ್ರೆ ಅದರ ಕಡೆ ನಿಮ್ಮ ಗಮನ ಹೋಗೋದು ಕಡಿಮೆ ಆಗುತ್ತೆ."

"ಮಗ್ಗ?"

"ಕೈಮಗ್ಗ ತಾನೇ? ತುಂಬಾ ಜೋರು ಅನ್ಸಿದ್ರೆ ಕಿವಿಗೆ ಪ್ಲಗ್ ಹಾಕ್ಕೊಳ್ಳಿ. ನೇಯ್ಬೇಡಿ ಅಂತ ನಾನ್ಯಾಕೆ ಹೇಳ್ಲಿ?"

ಆ ಮಾತು ಕೇಳಿ ನನಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿದೂ ಬಿಟ್ಟೆ. ಅವರು ನನ್ನ ಫೋನ್ ಇಸಿದುಕೊಂಡು ಅದರಲ್ಲಿ ಎರಡು ಆ್ಯಪ್ ಹಾಕಿಕೊಟ್ಟರು. ಒಂದರಲ್ಲಿ ಬಗೆಬಗೆಯ ಸದ್ದುಗಳು, ಜೊತೆಗೆ ನನ್ನ ಶಿಳ್ಳೆಯ ಸ್ವರ ಎಷ್ಟು ಸಣ್ಣದು ಎಂದು ಬೆರಳಿನಲ್ಲಿ ಎಳೆದು ಹೊಂದಿಸಿ ನೋಡುವ ಒಂದು ಗೆರೆ. ಇನ್ನೊಂದು, ಸುತ್ತಲಿನ ಸದ್ದು ಎಷ್ಟು ಜೋರು ಎಂದು ಮುಳ್ಳಿನಲ್ಲಿ ತೋರಿಸುವುದು. ನನ್ನ ಫೋನಿನಲ್ಲಿ ಅಲ್ಲಿಯತನಕ ಸೀರೆಯ ಫೋಟೊಗಳು ಮತ್ತು ನಾದಿನಿಯ ಗುಡ್ ಮಾರ್ನಿಂಗ್‌ಗಳು ಬಿಟ್ಟು ಬೇರೇನೂ ಇರಲಿಲ್ಲ.

ಮನೆಗೆ ಬಂದವಳೇ ಯುದ್ಧ ಶುರು ಮಾಡಿದೆ. ಮೊದಲು ಮುಳ್ಳಿನ ಆ್ಯಪ್. ನಮ್ಮ ಮನೆಯವರು ನೇಯುತ್ತಿರುವಾಗ ಪಕ್ಕದಲ್ಲಿ ಹಿಡಿದೆ, ಮುಳ್ಳು ಸ್ವಲ್ಪ ಏರಿ ನಿಂತಿತು. ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದೆ, ಮುಳ್ಳು ಅದಕ್ಕಿಂತ ಮೇಲೆ ಹಾರಿತು. ಅತ್ತೆಯ ಧಾರಾವಾಹಿಯಲ್ಲಿ ಅತ್ತೆ ಸೊಸೆ ಕೂಗಾಡುವ ಹೊತ್ತಿಗೆ ಹಿಡಿದೆ, ಅದೂ ಮಗ್ಗಕ್ಕಿಂತ ಮೇಲೆ.

"ನೋಡ್ರೀ" ಎಂದು ತೋರಿಸಿದೆ. "ಗದ್ದಲ ಬಿಚ್ಬೇಕು ಅಂದ್ರೆ ಮೊದ್ಲು ಮಿಕ್ಸಿ ಬಿಚ್ರಿ. ಆಮೇಲೆ ಟೀವಿ. ಮಗ್ಗದ ಸರದಿ ಬರೋದು ಆಮೇಲೆ."

"ನನ್ ಟೀವಿ ಸುದ್ದಿಗೆ ಬರ್ಬ್ಯಾಡ್ರಿ" ಎಂದು ಅತ್ತೆ ಒಳಗಿಂದಲೇ ಎಚ್ಚರಿಸಿದರು.

ನಮ್ಮ ಮನೆಯವರು ಫೋನ್ ನೋಡಿದರು, ನನ್ನನ್ನು ನೋಡಿದರು. "ಫೋನ್ ಮಾತು ಕೇಳ್ಕಂಡು ಕಿವಿ ಕಳ್ಕಂಡ್ರೆ ಆ ಟೆಸ್ಟ್ ಮಾಡಿದ ಹುಡುಗಿ ಬಂದು ಕೊಡ್ತಾಳಾ?" ಎಂದು ಲಾಳಿ ಎಸೆದರು. ಗುಂಡಿ ಮುಚ್ಚುವ ತೀರ್ಮಾನ ಬದಲಾಗಲಿಲ್ಲ.

ಸದ್ದಿನ ಆ್ಯಪ್ಪಿನ ಜೊತೆ ನನ್ನ ಸಂಸಾರ ಸುಲಭವಾಗಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಇವತ್ತು ನಿಮಗೆ ಎಷ್ಟು ತೊಂದರೆ, ಸೊನ್ನೆಯಿಂದ ಹತ್ತರಲ್ಲಿ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಮರೆತು ಆರಾಮಾಗಿದ್ದವಳಿಗೆ ನೆನಪು ಮಾಡಿಕೊಡುವುದೇ ಅದು. ಒಬ್ಬ ಹೆಂಗಸು ನಿದ್ದೆಗಣ್ಣಿನ ದನಿಯಲ್ಲಿ ಬ್ರೀದ್ ಇನ್, ಬ್ರೀದ್ ಔಟ್ ಎನ್ನುತ್ತಿದ್ದಳು. ಅವಳ ಮಾತಿಗೆ ಕಣ್ಣು ಮುಚ್ಚಿದರೆ ನಡುವೆ ಚಿನ್ನದಂಗಡಿಯ ಜಾಹೀರಾತು ಬಂದು ಎದೆ ಹಾರಿಸುತ್ತಿತ್ತು. ಸಮುದ್ರದ ಸದ್ದು ಇತ್ತು, ನಾನು ಸಮುದ್ರ ನೋಡಿದವಳಲ್ಲ, ಯಾರೋ ಪಕ್ಕದಲ್ಲಿ ಕೂತು ಅಕ್ಕಿ ಕೇರುತ್ತಿದ್ದಾರೆ ಎನಿಸಿತು. ಜೀರುಂಡೆಯ ಸದ್ದೂ ಇತ್ತು. ಅದನ್ನು ಕೇಳಿ ಫೋನನ್ನು ಎಸೆಯುವುದೊಂದು ಬಾಕಿ. ನನ್ನ ಕಿವಿಯಲ್ಲೇ ಒಂದು ಹಿಂಡು ಇರುವಾಗ ಇನ್ನೊಂದು ಹಿಂಡು ಯಾಕೆ?

ಹಿಡಿಸಿದ್ದು ಮಳೆ. ತಗಡಿನ ಮೇಲೆ ಬೀಳುವ ಮಳೆ. ಅದನ್ನು ಮೆತ್ತಗೆ ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದರೆ ಶಿಳ್ಳೆ ಎಲ್ಲೋ ಹಿಂದಕ್ಕೆ ಸರಿಯುತ್ತಿತ್ತು. ಒಂದು ವಾರ ಹೀಗೆ ಕಳೆದು ನನಗೆ ಧೈರ್ಯ ಬಂತು, ಧೈರ್ಯ ಬಂದ ಮೇಲೆ ವಾಲ್ಯೂಮ್ ಏರಿತು.

ಆಷಾಢದ ಒಂದು ಬೆಳಿಗ್ಗೆ. ನಮ್ಮ ಕಡೆ ಆಷಾಢ ಎಂದರೆ ಗಾಳಿ, ಮೋಡ, ಅಷ್ಟೇ. ಹೊರಗೆ ಓಬಳೇಶಪ್ಪ ಮಾವ ಬೀದಿಯುದ್ದಕ್ಕೂ ಹಾಸು ಎಳೆದಿದ್ದರು. ಸೀರೆಯ ಉದ್ದಕ್ಕೆ ಬರುವ ಸಾವಿರಾರು ರೇಷ್ಮೆ ಎಳೆಗಳು, ಈ ತುದಿಯಿಂದ ಆ ತುದಿಗೆ ಬಿಗಿದು, ಒಂದೊಂದನ್ನೇ ಬಿಡಿಸಿ ಸರಿಮಾಡುವ ಕೆಲಸ. ಅದಕ್ಕೆ ಹನಿ ಬಿದ್ದರೆ ಕೆಲಸ ಕೆಟ್ಟಂತೆ. ನಾನು ಕಿಟಕಿಯಲ್ಲಿ ಫೋನಿಟ್ಟು ಮಳೆ ಹಾಕಿ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ರಾಟೆಯ ಮುಂದೆ ತೂಕಡಿಸುತ್ತಿದ್ದ ಅತ್ತೆಗೆ ಎಚ್ಚರವಾಯಿತು. ಕಿಟಕಿಯಾಚೆ ಕಪ್ಪು ಮೋಡ, ಕಿವಿಗೆ ತಗಡಿನ ಮೇಲೆ ಧೋ ಎಂಬ ಮಳೆ.

"ವಾನ! ವಾನ! ಹಾಸು ಎತ್ರೋ!" ಎಂದು ಕೂಗುತ್ತ ಬೀದಿಗೆ ಓಡಿದರು.

ತೆಲುಗು ಬೆರೆತ ನಮ್ಮ ಬೀದಿಯಲ್ಲಿ ವಾನ ಎಂದು ಯಾರು ಕೂಗಿದರೂ ಆಕಾಶ ನೋಡುತ್ತ ನಿಲ್ಲುವ ಅಭ್ಯಾಸ ಯಾರಿಗೂ ಇಲ್ಲ. ಮಳೆ ಬಂದಿತು ಎಂದರೆ ಹಾಸು ಯಾರದೇ ಆಗಲಿ ಓಡಿ ಎತ್ತಬೇಕು, ಅದು ನಮ್ಮ ರಿವಾಜು. ಹತ್ತು ಮನೆಯಿಂದ ಹತ್ತು ಜನ ಓಡಿ ಬಂದರು, ಆ ತುದಿಯವರು ಇತ್ತ ಸುತ್ತಿದರು, ಈ ತುದಿಯವರು ಅತ್ತ ಸುತ್ತಿದರು, ನಡುವೆ ಒಂದು ಗಂಟು ಬಿತ್ತು. ಹಾಸು ಎತ್ತಿ ಜಗಲಿಗೆ ತಂದ ಮೇಲೆ ಎಲ್ಲರೂ ನಿಂತು ನೋಡಿದರು. ಒಂದು ಹನಿಯೂ ಇಲ್ಲ. ನಮ್ಮ ಕಿಟಕಿಯಲ್ಲಿ ಮಾತ್ರ ಮಳೆ ಸುರಿಯುತ್ತಲೇ ಇತ್ತು.

ಹಿಟ್ಟಿನ ಕೈಯಲ್ಲೇ ಓಡಿಬಂದು ಆರಿಸಿದೆ. ನಾಲ್ಕು ಜನ ನಕ್ಕರು. ಓಬಳೇಶಪ್ಪ ಮಾವ ನಗಲಿಲ್ಲ.

"ಅಲ್ಲವ್ವ, ರೇಷ್ಮೆ ಬೀದೀಲಿದ್ದಾಗ ಮಳೆ ಆಟ ಆಡ್ತೀಯಾ? ನಿನ್ ಕಿವಿಗೋಸ್ಕರ ಬೀದಿಗೆಲ್ಲ ಭ್ರಾಂತಿ ಹಿಡಿಸ್ಬ್ಯಾಡ."

ಆ ಗಂಟು ಬಿಡಿಸಲು ಸಂಜೆತನಕ ಬೇಕಾಯಿತು. ನಾನೂ ಕೂತು ಬಿಡಿಸಿದೆ. ತಪ್ಪು ನನ್ನದೇ, ಒಪ್ಪಿಕೊಂಡೆ. ಆದರೆ ಭ್ರಾಂತಿ ಎಂದ ಮಾತು ಮಾತ್ರ ಒಪ್ಪಿಕೊಳ್ಳಲಿಲ್ಲ. ಮನೆಗೆ ಬಂದಾಗ ನಮ್ಮ ಮನೆಯವರು ಮುಖ ಊದಿಸಿಕೊಂಡು ಕೂತಿದ್ದರು.

"ಬೀದಿಯೋರ ಮುಂದೆ ಮಾನ ತೆಗ್ದೆ. ಇಲ್ಲದ ಸದ್ದಿಗೆ ಇಷ್ಟೆಲ್ಲ ರಂಪ."

ಇಲ್ಲದ ಸದ್ದು. ಅದನ್ನು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಫೋನ್ ತೆಗೆದೆ. ಆ ಗೆರೆಯ ಮೇಲೆ ಬೆರಳಿಟ್ಟು ಎಳೆಯುತ್ತ ಹೋದೆ. ದಪ್ಪ ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಒಂದು ಕಡೆ ಹೊರಗಿನದು ಮತ್ತು ಒಳಗಿನದು ಒಂದರ ಮೇಲೊಂದು ಸರಿಯಾಗಿ ಕೂತವು. ಬೆರಳು ಅಲ್ಲೇ ನಿಲ್ಲಿಸಿ, ಫೋನನ್ನು ಅವರ ಮುಂದಿಟ್ಟೆ.

"ಇದು" ಎಂದೆ. "ಇದೇ ಅದು."

ಅತ್ತೆ ಫೋನಿಗೆ ಕಿವಿ ತಂದು, "ಏನೂ ಬರ್ತಿಲ್ಲ ಕಣೇ, ಕೆಟ್ಟೋಗೈತೆ" ಎಂದರು. ಅಷ್ಟು ಸಣ್ಣ ಸದ್ದು ಅವರ ವಯಸ್ಸಿನ ಕಿವಿಗೆ ಸಿಗುತ್ತಿರಲಿಲ್ಲ. ಆದರೆ ಅವರ ಮಗನಿಗೆ ಕೇಳುತ್ತಿತ್ತು. ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ತಲೆ ಅತ್ತಿತ್ತ ಆಡಿಸಿದರು. ಒಂದು ನಿಮಿಷವೂ ಆಗಿರಲಿಲ್ಲ.

"ಸಾಕು, ಆರಿಸು."

ನಾನು ಆರಿಸಲಿಲ್ಲ.

"ಲಕ್ಷ್ಮೀ, ಆರಿಸೇ. ಹಲ್ಲು ಜುಮ್ಮಂತೈತೆ."

"ನಿಮ್ದು ಆರಿಸ್ಬೋದು" ಎಂದೆ. "ನಂದು ಆರಿಸೋದು ಎಲ್ಲೈತೆ, ಹೇಳ್ರಿ. ಮೂರು ತಿಂಗ್ಳಿಂದ ಇದನ್ನ ಕೇಳ್ಕಂಡೇ ನಿಮ್ಗೆ ಅನ್ನ ಹಾಕಿದೀನಿ. ಆ ಕೋಣೆ ಬಾಗ್ಲು ಹಾಕಿದ್ರೆ ನಂಗೆ ಉಳಿಯೋದು ಇದೊಂದೇ. ಮಗ್ಗದ ಮುಂದೆ ಕೂತಾಗ ಮಾತ್ರ ಇದು ಸುಮ್ನಿರ್ತೈತೆ. ಅದನ್ನೂ ಮುಚ್ಚಿಸ್ತೀರಾ?"

ಅವರೇ ಕೈಚಾಚಿ ಫೋನ್ ಆರಿಸಿದರು. ತುಂಬಾ ಹೊತ್ತು ತಮ್ಮ ಕಿವಿ ಉಜ್ಜಿಕೊಳ್ಳುತ್ತ ಕೂತಿದ್ದರು. ಗುಂಡಿ ಮುಚ್ಚಿಸುವುದಿಲ್ಲ ಎಂದು ಅವರ ಬಾಯಲ್ಲಿ ಬರಲಿ ಎಂದು ನಾನು ಕಾದೆ, ಬರಲಿಲ್ಲ. ನಮ್ಮ ಮನೆಯವರಿಗೆ ಒಂದು ಮಾತು ಬಾಯಿಗೆ ಬರಲು ದಿನಗಟ್ಟಲೆ ಬೇಕು, ಅಮಾವಾಸ್ಯೆಗೆ ಉಳಿದಿದ್ದು ನಾಲ್ಕೇ ದಿನ.

ಎರಡು ದಿನದ ಮೇಲೆ ಅವರು ಜರಿ ತರಲು ಹೋದರು. ನಾನು ಮಗ್ಗದ ಮೇಲೆ ಅತ್ತೆ ಹೊದಿಸಿದ್ದ ಹಳೆಯ ಸೀರೆ ಎಳೆದು ಹಾಕಿದೆ. ಮಗ್ಗದಲ್ಲಿ ನಾನು ಅರ್ಧಕ್ಕೆ ಬಿಟ್ಟ ಸೀರೆ ಹಾಗೇ ಇತ್ತು. ಗುಂಡಿಯೊಳಗೆ ಕಾಲು ಇಳಿಬಿಟ್ಟಾಗ ತಣ್ಣಗಿನ ಮಣ್ಣು ತಾಗಿತು, ಕಣ್ಣು ತುಂಬಿ ಬಂತು. ಅತ್ತೆ ನೋಡಿದರು, ರಾಟೆ ನಿಲ್ಲಿಸಲಿಲ್ಲ. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಪಕ್ಕದಲ್ಲಿಟ್ಟು ನೇಯತೊಡಗಿದೆ. ತುಳಿ, ಎಸೆ, ಬಡಿ. ಎರಡು ತಿಂಗಳ ಮೇಲೆ ಕೈ ತೊಡರಿತು, ಸ್ವಲ್ಪ ಹೊತ್ತಿನಲ್ಲಿ ದಾರಿಗೆ ಬಂತು. ಅರ್ಧ ಗಂಟೆ ಆ ಶಿಳ್ಳೆ ಎಲ್ಲಿ ಹೋಗಿತ್ತೋ ನಾನು ಹುಡುಕಲೂ ಇಲ್ಲ. ಆ್ಯಪ್ಪಿನಲ್ಲಿ ನಮ್ಮದೇ ಸದ್ದನ್ನು ಸೇರಿಸಲು ಒಂದು ಗುರುತಿತ್ತು. ಸಮುದ್ರ, ಕಾಡು, ಮಳೆ ಇವುಗಳ ಕೆಳಗೆ ನನ್ನ ಮಗ್ಗವನ್ನೂ ಸೇರಿಸಿದೆ.

ಅಮಾವಾಸ್ಯೆ ಬಂತು. ಬೆಳಿಗ್ಗೆ ಪೂಜೆ ಆಯಿತು. ನಮ್ಮ ಮನೆಯವರು ಜಗಲಿಯಲ್ಲಿ ಪೇಪರ್ ಹಿಡಿದು ಕೂತರು, ಒಂದು ಹಾಳೆಯನ್ನೂ ತಿರುಗಿಸಲಿಲ್ಲ. ಬೀದಿ ಮೌನವಾಯಿತು, ನನ್ನ ಕಿವಿ ಕುಯ್ಯ್ ಎಂದಿತು. ನಾನು ಹೋಗಿ ನನ್ನ ಮಗ್ಗದ ಗುಂಡಿಯಲ್ಲಿ ಕೂತೆ. ಲಾಳಿ ಮುಟ್ಟಲಿಲ್ಲ, ಹಲಗೆ ತುಳಿಯಲಿಲ್ಲ, ಕೈ ಕಟ್ಟಿಕೊಂಡೆ. ಫೋನ್ ಪಕ್ಕದಲ್ಲಿಟ್ಟು ಮಗ್ಗದ ಸದ್ದು ಹಾಕಿದೆ, ವಾಲ್ಯೂಮ್ ಪೂರ್ತಿ ಏರಿಸಿದೆ. ಅಷ್ಟು ಜೋರು ಬೇಡ ಎಂದು ನಾಜ್ನೀನ್ ಮೇಡಂ ಹೇಳಿದ್ದರು. ಅವತ್ತು ಅದು ನನ್ನ ಕಿವಿಗಲ್ಲ, ಬೀದಿಯ ಕಿವಿಗೆ.

ಎರಡು ನಿಮಿಷದಲ್ಲಿ ಓಬಳೇಶಪ್ಪ ಮಾವ ಸುತ್ತಿಗೆ, ಹಗ್ಗ, ಉಳಿಯ ಚೀಲದೊಂದಿಗೆ ಬಾಗಿಲಿಗೆ ಬಂದರು.

"ಅಮಾಸೆ ದಿನ ಮಗ್ಗ ಓಡಿಸ್ತೀಯಾ? ಬಿಚ್ಚೋಕೆ ಬಂದ್ರೆ ನೇಯ್ತಾ ಕೂತಿದೀಯಾ? ಏನವ್ವ ನಿನ್ ಧೈರ್ಯ?"

"ಮಗ್ಗ ನಿಂತೈತೆ ಮಾವ, ಕಣ್ಣಿಂದ ನೋಡ್ರಿ. ನಾನು ಕೂತಿದೀನಿ ಅಷ್ಟೇ. ಏಳಲ್ಲ. ಬಿಚ್ಚೋದಾದ್ರೆ ನನ್ನನ್ನೂ ಸೇರ್ಸಿ ಬಿಚ್ರಿ, ಮುಚ್ಚೋದಾದ್ರೆ ನನ್ ಕಾಲಿನ ಮೇಲೇ ಮಣ್ಣು ಹಾಕ್ರಿ."

ಅವರು ನೋಡಿದರು. ನನ್ನ ಕೈ ಕಟ್ಟಿತ್ತು, ಲಾಳಿ ಅಲ್ಲಾಡುತ್ತಿರಲಿಲ್ಲ, ಫೋನಿನಿಂದ ಟಕಟಕ ಬರುತ್ತಿತ್ತು. ತಲೆ ಒಂದು ಕಡೆ ವಾಲಿಸಿದರು. ಚೀಲ ಕೆಳಗಿಟ್ಟು, ಮಂಡಿಯೂರಿ, ಫೋನಿನ ಹತ್ತಿರ ಕಿವಿ ತಂದರು. ಐವತ್ತು ವರ್ಷ ಮಗ್ಗಗಳ ಸದ್ದು ಕೇಳಿದ ಕಿವಿ ಅದು.

"ಇದು ನಿನ್ ಮಗ್ಗದ್ದೇನಾ?"

"ಹೂಂ ಮಾವ. ಮೊನ್ನೆ ನಾನೇ ನೇಯ್ದಿದ್ದು."

"ಕುಂಟ್ತೈತೆ ಕಣವ್ವ. ಎಡಗಾಲಿನ ಹಲಗೆ ಹಗ್ಗ ಸಡ್ಲ ಆಗೈತೆ. ಕೇಳು, ಟಕ್ ಅಂದ್ಮೇಲೆ ಒಂದು ಗಳಿಗೆ ತಡ. ಹಿಂಗೇ ನೇಯ್ದ್ರೆ ಸೀರೆ ಏನಾಯ್ತದೆ?"

ನಾನು ಆ ಸದ್ದನ್ನು ಎಷ್ಟು ಸಲ ಕೇಳಿದ್ದೆ! ಒಳಗಿನ ಶಿಳ್ಳೆಯನ್ನು ಮುಚ್ಚಿಸುವ ಅವಸರದಲ್ಲಿ ಹೊರಗಿನ ಮಗ್ಗವನ್ನು ಕೇಳುವುದನ್ನೇ ಬಿಟ್ಟಿದ್ದೆ. ಮಾವ ಬಾಗಿಲ ಕಡೆ ತಿರುಗಿದರು. ನಮ್ಮ ಮನೆಯವರು ಪೇಪರ್ ಮಡಚಿ ಹೊಸ್ತಿಲ ಮೇಲೆ ನಿಂತಿದ್ದರು.

"ಲೇ ಗೋವಿಂದ, ಏನ್ಮಾಡ್ಲಿ? ಬಿಚ್ಲಾ, ಬಿಗೀಲಾ?"

ಅವರು ನನ್ನನ್ನು ನೋಡಿದರು. ಕಿವಿಯ ಹತ್ತಿರ ಕೈ ಹೋಯಿತು, ಅವತ್ತು ಉಜ್ಜಿಕೊಂಡ ಹಾಗೆ.

"ಬಿಗಿ ಮಾವ" ಎಂದರು.

ಓಬಳೇಶಪ್ಪ ಮಾವ ಚೀಲದಿಂದ ಹಗ್ಗ ತೆಗೆದರು. "ಕಾಲೆತ್ತು ತಾಯಿ, ಇನ್ನಾದ್ರೂ" ಎಂದರು. ನಾನು ಎದ್ದೆ. ಅವರು ಗುಂಡಿಗೆ ಇಳಿದು ಎಡ ಹಲಗೆಯ ಹಗ್ಗ ಬದಲಿಸಿದರು. ಅವರಿಗೆ ಕಾಫಿ ಮಾಡುವಾಗ ಸಕ್ಕರೆ ಎರಡು ಸಲ ಹಾಕಿದೆ. ಕುಡಿಯುತ್ತ ಮಾವ ದನಿ ತಗ್ಗಿಸಿ ಕೇಳಿದರು, "ಕುಯ್ಯಂತದಾ, ಹುಯ್ಯಂತದಾ?" ನಾನು ಕುಯ್ಯ್ ಎಂದೆ. "ನಂದು ಹುಯ್ಯ್" ಎಂದು ಲೋಟ ಕೆಳಗಿಟ್ಟು ಎದ್ದು ಹೋದರು. ಮರುವಾರ ತಮ್ಮ ಫೋನ್ ತಂದು ಕೊಟ್ಟು, ಮಳೆ ಒಂದು ಬಿಟ್ಟು ಬೇರೆ ಏನಾದರೂ ಹಾಕಿಕೊಡು ಎಂದರು.

ಇದೆಲ್ಲ ಆಗಿ ಒಂದು ವರ್ಷದ ಮೇಲಾಯಿತು. ಕಿವಿಯ ಶಿಳ್ಳೆ ಹೋಗಿಲ್ಲ. ಈ ಸಾಲು ಬರೆಯುವಾಗಲೂ ಇದೆ. ನಿದ್ದೆ ಕೆಟ್ಟ ದಿನ, ಮನಸ್ಸು ಕೆಟ್ಟ ದಿನ ಜೋರಾಗುತ್ತದೆ, ಅವತ್ತು ನಾನೂ ಜೋರಾಗುತ್ತೇನೆ, ಮನೆಯವರು ಹುಷಾರಾಗಿರುತ್ತಾರೆ. ಆರು ತಿಂಗಳಿಗೊಮ್ಮೆ ನಾಜ್ನೀನ್ ಮೇಡಂ ಹತ್ತಿರ ಹೋಗುತ್ತೇನೆ. ಬೆಂಚಿನ ಮೇಲೆ ಹೊಸಬರು ಯಾರಾದರೂ ಕಿವಿ ಮುಚ್ಚಿ ತೆರೆದು ಮಾಡುತ್ತ ಕೂತಿದ್ದರೆ ಪಕ್ಕಕ್ಕೆ ಸರಿದು ಮಾತಾಡಿಸುತ್ತೇನೆ, ಚೀಲದಲ್ಲಿ ಹುರಿದ ಶೇಂಗಾ ಇಟ್ಟುಕೊಂಡೇ ಹೋಗಿರುತ್ತೇನೆ. ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಫೋನಿನ ಮಗ್ಗ ಓಡುತ್ತದೆ, ಮೆತ್ತಗೆ. ಕುಂಟುವುದನ್ನು ಅಳಿಸಿ, ಬಿಗಿದ ಮೇಲಿನ ಸದ್ದನ್ನು ಹೊಸದಾಗಿ ಹಾಕಿದ್ದೇನೆ.

ಆ್ಯಪ್ ಮಾತ್ರ ತನ್ನ ಚಾಳಿ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆಯೂ, ನಾನು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಹಿಡಿದ ಹೊತ್ತಿಗೇ, ಫೋನ್ ಮಿಣಕ್ ಎಂದು ಕೇಳಿತು. ಇವತ್ತು ನಿಮಗೆ ಎಷ್ಟು ತೊಂದರೆ, ಸೊನ್ನೆಯಿಂದ ಹತ್ತರಲ್ಲಿ? ಅದರ ಕೆಳಗೆ ಒಂದು ಸಣ್ಣ ಬಟನ್ ಇದೆ, ಆಮೇಲೆ ಕೇಳು ಎಂದು. ಅದನ್ನು ಒತ್ತಿ, ಫೋನ್ ಬೋರಲು ಹಾಕಿ, ಲಾಳಿ ಎಸೆದೆ.